ನಿಮಗಿದು ಗೊತ್ತೆ? ಅರಿಶಿನಕ್ಕೂ ಮಿದುಳಿನ ಪೆಟ್ಟಿಗೂ ನಂಟು
ಚಾಮರಾಜನಗರ, ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆಯುವ ಹಸಿ ಅರಿಶಿನದ ಕೊಂಬು ಮುರಿದರೆ ಬೆರಳಿಗಂಟುವ ಹಳದಿಯೇ ಕರ್ಕ್ಯುಮಿನ್. ಅದೊಂದು ಆ್ಯಂಟಿಆಕ್ಸಿಡೆಂಟ್.

ತಲೆಗೆ ಪೆಟ್ಟು ಬಿದ್ದಾಗ ಮಿದುಳಿಗಾಗುವ ಹಾನಿ ಆ ಕ್ಷಣಕ್ಕೇ ಮುಗಿಯುವುದಿಲ್ಲ. ಫ್ರೀ ರ‍್ಯಾಡಿಕಲ್‌ಗಳೆಂಬ ಚುರುಕು ಅಣುಗಳು ಹೆಚ್ಚಿ, ನರಕೋಶಗಳ ಕೊಬ್ಬಿನ ಪೊರೆಯನ್ನು ಗಂಟೆಗಟ್ಟಲೆ, ದಿನಗಟ್ಟಲೆ ಕೆಡಿಸುತ್ತಲೇ ಇರುತ್ತವೆ. ಇದನ್ನು ತಡೆಯುವುದೇ ಆ್ಯಂಟಿಆಕ್ಸಿಡೆಂಟ್ ಚಿಕಿತ್ಸೆಯ ಆಸೆ. ಪೆಟ್ಟು ಬೀಳುವ ಮೊದಲು ನಾಲ್ಕು ವಾರ ಕರ್ಕ್ಯುಮಿನ್ ಬೆರೆಸಿದ ಆಹಾರ ತಿಂದ ಇಲಿಗಳಲ್ಲಿ ಹಾನಿ ಕಡಿಮೆಯಾದದ್ದನ್ನು ಅಮೆರಿಕದ ಲಾಸ್ ಏಂಜಲೀಸ್‌ನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಇಲಿಯ ಮಾತು ಬೇರೆ, ಮನುಷ್ಯರ ಮಾತು ಬೇರೆ: ಟಿರಿಲಜಾಡ್ ಎಂಬ ಇಂಥದೇ ಔಷಧ 1990ರ ದಶಕದ ದೊಡ್ಡ ಪ್ರಯೋಗದಲ್ಲಿ ರೋಗಿಗಳಿಗೆ ನೆರವಾಗಲಿಲ್ಲ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಅರಿಶಿನದ ಹಾಲು ಕುಡಿಸುತ್ತ ಹೊತ್ತು ಕಳೆಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.