‘ಸೂಕ್ಷ್ಮದರ್ಶಕ’: ಪದರಚನೆ ಮತ್ತು ಅರ್ಥ – ಕೊಳ್ಳೇಗಾಲ ಸೀಮೆಯ ರೇಷ್ಮೆಯ ಹಿನ್ನೆಲೆಯಲ್ಲಿ

ಬರಿಗಣ್ಣಿಗೆ ನಿಲುಕದ ವಸ್ತುವನ್ನು ಮಸೂರಗಳ ಮೂಲಕ ಹಿಗ್ಗಿಸುವ ಉಪಕರಣಕ್ಕೆ ಕನ್ನಡದಲ್ಲಿ ‘ಸೂಕ್ಷ್ಮದರ್ಶಕ’ ಎಂಬ ಹೆಸರು ನೆಲೆಗೊಂಡಿದೆ. ಇದರ ಉತ್ತರಪದದ ಅರ್ಥ ‘ನೋಡುವುದು’ ಎಂದೋ ‘ತೋರಿಸುವುದು’ ಎಂದೋ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಗೆಲಿಲಿಯೋನ ಉಪಕರಣಕ್ಕೆ ‘ಮೈಕ್ರೋಸ್ಕೋಪ್’ ಎಂಬ ಹೆಸರನ್ನು 1625ರಲ್ಲಿ ಕೊಟ್ಟವನು ಜೊವಾನ್ನಿ ಫಾಬರ್. ಗ್ರೀಕಿನ ‘ಮಿಕ್ರೋಸ್’ ಎಂದರೆ ಚಿಕ್ಕದು. ‘ಸ್ಕೊಪೇಇನ್’ ಎಂದರೆ ನೋಡುವುದು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲಕ್ಕೆ ನೆರೆನುಡಿಯಾದ ತಮಿಳಿನಲ್ಲಿ ಇದು ‘ನುಣ್ಣೋಕ್ಕಿ’, ಎಂದರೆ ನುಣ್ಣನೆಯದನ್ನು ನೋಡುವುದು. ಅದರ ಪೂರ್ವಪದ ನಮ್ಮ ‘ನುಣ್ಣಗೆ’, ‘ನುಣುಪು’ಗಳಲ್ಲಿಯೂ ಉಳಿದಿದೆ.

‘ದರ್ಶಕ’ದ ಸ್ಥಿತಿ ಬೇರೆ. ಸಂಸ್ಕೃತದ ‘ದೃಶ್’ ಧಾತುವಿಗೆ ನೇರವಾಗಿ ‘ಅಕ’ ಸೇರಿದರೆ ನೋಡುವವನು. ಪ್ರೇರಣಾರ್ಥಕ ರೂಪಕ್ಕೆ ಸೇರಿದರೆ ತೋರಿಸುವವನು. ಸಿದ್ಧಿಸುವ ರೂಪ ಮಾತ್ರ ಒಂದೇ. ‘ಮಾರ್ಗದರ್ಶಕ’ನು ದಾರಿಯನ್ನು ತೋರಿಸುವವನೇ ಹೊರತು ನೋಡುವವನಲ್ಲ. ರೂಪವು ತೀರ್ಮಾನಿಸದಿದ್ದಲ್ಲಿ ಬಳಕೆಯನ್ನು ಗಮನಿಸಬೇಕು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೇಷ್ಮೆ ಬೆಳೆಗಾರರ ಬದುಕಿಗೆ ಈ ಉಪಕರಣ ನೇರವಾಗಿ ಸಂಬಂಧಿಸಿದೆ. ಹುಳುವಿನ ‘ಹಾಲುತೊಂಡೆ’, ‘ಸುಣ್ಣಕಟ್ಟು’ ರೋಗಗಳ ಹೆಸರುಗಳು ಕಣ್ಣಿಗೆ ಕಾಣುವ ಲಕ್ಷಣಗಳಿಂದ ಹುಟ್ಟಿದವು. ಗಂಟುರೋಗದ ಫ್ರೆಂಚ್ ಹೆಸರಾದ ‘ಪೆಬ್ರಿನ್’ ಕೂಡ ಮೆಣಸಿನ ಪುಡಿಯಂತಹ ಚುಕ್ಕೆಗಳಿಂದ ಬಂದುದು. ಆದರೆ ಚುಕ್ಕೆ ಕಾಣುವವರೆಗೆ ಕಾದರೆ ಬೆಳೆ ಕೈತಪ್ಪಿರುತ್ತದೆ. ಅದರ ಬೀಜಾಣು ಸುಮಾರು 3ರಿಂದ 4 ಮೈಕ್ರೋಮೀಟರ್ ಉದ್ದದ್ದು; ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಆದ್ದರಿಂದ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಆ ದ್ರವದ ಹನಿಯನ್ನು ಸುಮಾರು 600 ಪಟ್ಟು ಹಿಗ್ಗಿಸಿ ಪರೀಕ್ಷಿಸುತ್ತಾರೆ. ಬೀಜಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುತ್ತಾರೆ. 1865ರಿಂದ ಫ್ರಾನ್ಸಿನಲ್ಲಿ ಈ ರೋಗವನ್ನು ಅಭ್ಯಸಿಸಿದ ಲೂಯಿ ಪಾಶ್ಚರ್ ರೂಪಿಸಿದ ಕ್ರಮವಿದು.

ಇಲ್ಲಿ ನೋಡುವವರು ಪರೀಕ್ಷಕರು, ಉಪಕರಣವು ತೋರಿಸುತ್ತದೆಯಷ್ಟೆ. ಕಂಡದ್ದು ಬೀಜಾಣುವೋ ಬರಿಯ ಕಸವೋ ಎಂದು ಗುರುತಿಸುವ ಹೊಣೆ ಕಣ್ಣಿನದು. ಆ ಗುರುತು ತಪ್ಪಿದರೆ ನಷ್ಟ ಬೆಳೆಗಾರರದು. ಇನ್ನು ‘ಸೂಕ್ಷ್ಮ’ವು ಗ್ರೀಕಿನ ‘ಮಿಕ್ರೋಸ್’ನಂತೆ ಗಾತ್ರವನ್ನಷ್ಟೇ ಹೇಳುವುದಿಲ್ಲ, ‘ಸೂಕ್ಷ್ಮ ವಿಚಾರ’ ಎಂಬಲ್ಲಿ ಸುಲಭವಾಗಿ ತಿಳಿಯದ್ದು ಎಂಬ ಅರ್ಥವೂ ಉಂಟು. ಗಂಟುರೋಗದ ಬೀಜಾಣು ಎರಡೂ ಅರ್ಥಗಳಲ್ಲಿ ಸೂಕ್ಷ್ಮವೇ. ಆದಕಾರಣ ‘ಸೂಕ್ಷ್ಮವಾದುದನ್ನು ತೋರಿಸುವ ಸಾಧನ’ ಎಂಬ ವಿವರಣೆಯೇ ಪದಕ್ಕೂ ಬಳಕೆಗೂ ಹೆಚ್ಚು ಒಪ್ಪುತ್ತದೆಂದು ನಾವು ಭಾವಿಸುತ್ತೇವೆ.