ಎಂಟು ತಿಂಗಳ ಗಳಿಕೆ, ಹನ್ನೆರಡು ತಿಂಗಳ ಕಂತು

ಗೋಕರ್ಣದ ಪೇಟೆಯಿಂದ ಗುಡ್ಡ ದಾಟಿ ಇಳಿದರೆ ಸಿಗುವ ಓಂ ಬೀಚ್‌ನಲ್ಲಿ ವ್ಯಾಪಾರದ ವರ್ಷವೆಂಬುದು ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುವಂಥದ್ದಲ್ಲ. ಮಳೆ ಹಿಂದೆಗೆದ ಮೇಲೆ ಅಕ್ಟೋಬರ್ ಸುಮಾರಿಗೆ ತೆಂಗಿನ ಮಡಲಿನ ಚಪ್ಪರಗಳು ಏಳುತ್ತವೆ. ಮೇ ಕೊನೆಯ ವೇಳೆಗೆ ಅವುಗಳನ್ನು ಬಿಚ್ಚಿ ಒಳಗಿಡಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ಕರಾವಳಿಯ ಪೇಟೆಗಳಲ್ಲಿ ಕೈಯಿಂದ ಕೈಗೆ ಓಡಾಡುವ ಹಣವೇ ಕಡಿಮೆಯಾಗುತ್ತದೆ. ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಪ್ರವಾಸಿಗರನ್ನು ನೆಚ್ಚಿಕೊಂಡ ಸಣ್ಣ ವರ್ತಕರ ಗಳಿಕೆ ಹೀಗೆ ಎಂಟು ತಿಂಗಳಿನದು. ಅವರ ತಲೆಯ ಮೇಲಿರುವ ಸಾಲದ ಕಂತು ಮಾತ್ರ ಹನ್ನೆರಡು ತಿಂಗಳಿನದು. ಪೂರಕ ಆದಾಯ ಗಳಿಸಿ ಸಾಲ ತೀರಿಸಹೊರಟವರಲ್ಲಿ ಅನೇಕರು ಎಡವುವುದು ಈ ನಾಲ್ಕು ತಿಂಗಳ ಅಂತರದಲ್ಲಿಯೇ.

ಇಲ್ಲಿ ಪ್ರಸ್ತಾಪಿಸುತ್ತಿರುವುದು ವ್ಯಾಪಾರದ ಸಾಲವನ್ನಲ್ಲ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಓದುವ ಮಗನ ಶುಲ್ಕ ಎಂದು ಮನೆಗಾಗಿ ಮಾಡಿದ ಸಾಲವನ್ನು. ಆದರೆ ಏಕಮಾಲೀಕತ್ವದ ಅಂಗಡಿಯಲ್ಲಿ ಮಾಲೀಕನ ಸಾಲ ಬೇರೆ, ಅಂಗಡಿಯ ಸಾಲ ಬೇರೆ ಎಂಬ ಭೇದ ಕಾನೂನಿನಲ್ಲಿ ಇಲ್ಲ. ವ್ಯವಹಾರದಲ್ಲಿಯೂ ಆ ಭೇದ ಬೇಗನೆ ಅಳಿಸಿಹೋಗುತ್ತದೆ. ಕಂತಿನ ದಿನ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ ಮರುವಾರ ಸಗಟು ವರ್ತಕರಿಗೆ ಕೊಡಬೇಕಾದ ಹಣ ತಡವಾಗುತ್ತದೆ. ಏಳು ದಿನದೊಳಗೆ ಹಣ ಕೊಟ್ಟರೆ ಶೇ 2ರಷ್ಟು ನಗದು ರಿಯಾಯಿತಿ, ಇಲ್ಲವಾದರೆ ಮೂವತ್ತು ದಿನಕ್ಕೆ ಪೂರ್ತಿ ಮೊತ್ತ ಎಂಬ ಕರಾರಿದ್ದರೆ, ಆ ರಿಯಾಯಿತಿಯನ್ನು ಬಿಟ್ಟುಕೊಡುವುದು ವಾರ್ಷಿಕ ಶೇ 32ರಷ್ಟು ಬಡ್ಡಿ ತೆತ್ತಂತೆ. ಶೇ 24ರ ಸಾಲವನ್ನು ತೀರಿಸಲು ಶೇ 32ರ ನಷ್ಟವನ್ನು ಮೈಮೇಲೆ ಎಳೆದುಕೊಳ್ಳುವ ಈ ಕ್ರಮ ಯಾವ ಖಾತೆ ಪುಸ್ತಕದಲ್ಲಿಯೂ ನಮೂದಾಗುವುದಿಲ್ಲ.

ಆದ್ದರಿಂದ ಅಂಗಡಿಯ ಹಣವನ್ನು ಮುಟ್ಟದೆ ಬೇರೊಂದು ಮೂಲದಿಂದ ಗಳಿಸಿ ಸಾಲ ತೀರಿಸಬೇಕೆಂಬ ಯೋಚನೆ ಸರಿಯಾದದ್ದೇ. ಗೋಕರ್ಣದ ಆಸುಪಾಸಿನಲ್ಲಿ ಅದಕ್ಕೆ ಮೊದಲು ಹೊಳೆಯುವ ದಾರಿ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವುದು. ಇದು ಇಲ್ಲಿಗೆ ಹೊಸತಲ್ಲ. ಯಾತ್ರಾರ್ಥಿಗಳನ್ನು ಮನೆಯಲ್ಲಿ ಇಳಿಸಿಕೊಳ್ಳುವುದು ಕ್ಷೇತ್ರದ ಪುರೋಹಿತ ಮನೆತನಗಳ ಹಳೆಯ ಪದ್ಧತಿ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗೋವಾದ ಕಡೆಯಿಂದ ಬಂದ ವಿದೇಶೀಯರು ಓಂ ಮತ್ತು ಕುಡ್ಲೆ ತೀರಗಳನ್ನು ಹುಡುಕಿಕೊಂಡರು. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಂಡಿತು. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯುವವರು ಹೆಚ್ಚಿದರು. ಈಗ ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬರುವವರೇ ಈ ವ್ಯಾಪಾರದ ಬೆನ್ನೆಲುಬು.

ಕೋಣೆಯಿಂದ ಬರುವ ಹಣವನ್ನು ಒಟ್ಟು ವಸೂಲಿಯ ಮೇಲೆ ಅಳೆಯುವುದು ಸಾಮಾನ್ಯ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ 1,000 ರೂಪಾಯಿ ಬಾಡಿಗೆಯ ಒಂದು ಕೋಣೆ ಎಂಟು ತಿಂಗಳಲ್ಲಿ ನೂರು ರಾತ್ರಿ ಭರ್ತಿಯಾಯಿತು ಎಂದಿಟ್ಟುಕೊಳ್ಳೋಣ. ವಸೂಲಿ ಒಂದು ಲಕ್ಷ. ಅದರಲ್ಲಿ ಅರುವತ್ತು ರಾತ್ರಿಗಳು ಅಂತರಜಾಲದ ಬುಕಿಂಗ್ ಸಂಸ್ಥೆಯ ಮೂಲಕ ಬಂದಿದ್ದು, ಕಮಿಷನ್ ಶೇ 15 ಆದರೆ 9,000 ಹೋಯಿತು. ಹಾಸಿಗೆ ಬಟ್ಟೆ ಒಗೆಯುವುದು, ಕೋಣೆ ಶುಚಿ ಮಾಡುವುದು ಎಂದು ರಾತ್ರಿಗೆ 150ರಂತೆ 15,000. ವಿದ್ಯುತ್ತು, ನೀರಿಗೆ 60ರಂತೆ 6,000. ಕಡಲ ಗಾಳಿಯ ಉಪ್ಪಿಗೂ ಮಳೆಯ ತೇವಕ್ಕೂ ಗೋಡೆ ಹಾಳಾಗುವುದರಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ಬಣ್ಣ, ದುರಸ್ತಿ, ಹಾಸಿಗೆ ಬದಲಾವಣೆಗೆ 12,000. ಉಳಿದದ್ದು 58,000. ಇದನ್ನು ಎಂಟರಿಂದ ಭಾಗಿಸಿದರೆ ತಿಂಗಳಿಗೆ 7,250 ಎಂದು ಕಾಣುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ. ಕಂತು ಬರುವುದು ಹನ್ನೆರಡು ತಿಂಗಳೂ ಆದ್ದರಿಂದ ಹನ್ನೆರಡರಿಂದಲೇ ಭಾಗಿಸಬೇಕು. ಆಗ ಸಿಗುವುದು 4,833. ವಾರ್ಷಿಕ ಶೇ 24ರ ದರದಲ್ಲಿ ಎರಡು ವರ್ಷಕ್ಕೆ ಪಡೆದ ಒಂದು ಲಕ್ಷ ರೂಪಾಯಿ ಸಾಲದ ತಿಂಗಳ ಕಂತು 5,287. ನೂರು ರಾತ್ರಿ ಕೋಣೆ ತುಂಬಿದರೂ ಕಂತು ತುಂಬಲಿಲ್ಲ!

ಅಂಗಡಿಯುಳ್ಳವರಿಗೆ ಇನ್ನೊಂದು ತೊಡಕಿದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ಎಂದು ಕೇಳಿ ಕೋಣೆಯ ಬಾಡಿಗೆ ಅದರೊಳಗೇ ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ವಹಿವಾಟನ್ನು ಲೆಕ್ಕ ಹಾಕುವುದು ಒಂದೇ ಪ್ಯಾನ್ ಸಂಖ್ಯೆಯ ಎಲ್ಲ ವ್ಯವಹಾರಗಳನ್ನು ಕೂಡಿಸಿ. ಕಿರಾಣಿ ಅಂಗಡಿಗೆ ಈಗಾಗಲೇ ನೋಂದಣಿ ಇದ್ದರೆ ಅದೇ ಮಾಲೀಕರ ಕೋಣೆಯ ಬಾಡಿಗೆಗೂ ತೆರಿಗೆ ಅನ್ವಯವಾಗುತ್ತದೆ. ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗಳಿಗಿದ್ದ ವಿನಾಯಿತಿ 2022ರ ಜುಲೈಯಲ್ಲಿ ರದ್ದಾಯಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ 5ರ ದರ ಜಾರಿಗೆ ಬಂದಿತು. ಇದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ಪಡೆಯದಿದ್ದರೆ ಮೇಲಿನ 58,000ದಿಂದಲೇ ತೆರಬೇಕಾಗುತ್ತದೆ. ಕೋಣೆಯ ಲಾಭ ಆದಾಯ ತೆರಿಗೆಯ ಲೆಕ್ಕಕ್ಕೂ ಸೇರುತ್ತದೆ. ಆರಂಭಕ್ಕೆ ಮೊದಲೇ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣುವುದು ಉಚಿತ.

ಸಾಲ ತೀರಿಸಲು ಹೊಸ ಸಾಲ

ಹಣ ಚೆನ್ನಾಗಿ ಓಡಾಡುವ ಡಿಸೆಂಬರ್‌ನಲ್ಲಿ ಇನ್ನೊಂದು ಕೋಣೆ ಇದ್ದಿದ್ದರೆ ಎಂಬ ಆಸೆ ಹುಟ್ಟುವುದು ಸಹಜ. ಅಪಾಯ ಬಹುಮಟ್ಟಿಗೆ ಇಲ್ಲಿಂದಲೇ ಶುರುವಾಗುತ್ತದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಮೊದಲು ಹೊರಬಂದು, 2011 ಮತ್ತು 2019ರಲ್ಲಿ ಹೊಸದಾಗಿ ರೂಪುಗೊಂಡಿತು. ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ ಸಾಮಾನ್ಯವಾಗಿ 200 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಜನಸಾಂದ್ರತೆ ಹೆಚ್ಚಿರುವ ಗ್ರಾಮಗಳಿಗೆ ಮಾತ್ರ ಈ ಅಂತರ 50 ಮೀಟರ್. ಗಿರಾಕಿ ಬಯಸುವುದು ಕಡಲಿಗೆ ಅತಿ ಹತ್ತಿರದ ಜಾಗವನ್ನು, ಕಾನೂನು ತಡೆಯುವುದೂ ಅದನ್ನೇ. ಅನುಮತಿ ಇಲ್ಲದ ಕಟ್ಟಡಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಆಗ ಉಳಿಯುವುದು ಕೈಸಾಲ. ತೆರವಿನ ಆದೇಶ ಬಂದರೆ ಕೋಣೆ ಹೋಗುತ್ತದೆ, ಸಾಲ ಹೋಗುವುದಿಲ್ಲ.

ಅನುಮತಿಯೆಲ್ಲ ಸರಿಯಿದ್ದರೂ ಪ್ರವಾಸಿಗರ ಓಡಾಟ ಯಾರ ಕೈಯಲ್ಲಿಯೂ ಇಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ತೀರಗಳು ಒಂದೇ ವಾರದಲ್ಲಿ ಬರಿದಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದಾಗ ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ನಿಂತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಬಳಿಕ, ವ್ಯಾಪಾರದ ತುತ್ತತುದಿಯ ದಿನಗಳಲ್ಲಿಯೇ ತೀರವನ್ನು ಕೆಲಕಾಲ ಮುಚ್ಚಬೇಕಾಯಿತು. ಇಂಥ ವರ್ಷಗಳಲ್ಲಿ ನೂರು ರಾತ್ರಿಯ ಲೆಕ್ಕ ಅರುವತ್ತಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಇರುವ ಕೋಣೆಯಿಂದ ಬಂದಷ್ಟು ಬರಲಿ ಎನ್ನುವವರು ಆಗ ತಡೆದುಕೊಳ್ಳುತ್ತಾರೆ. ಸಾಲ ಮಾಡಿ ಕಟ್ಟಿಸಿದವರಿಗೆ ಅದು ಸಾಧ್ಯವಾಗುವುದಿಲ್ಲ.

ಯಾವ ಸಾಲ ಮೊದಲು?

ನೋಟಿಸು ಯಾರಿಂದ ಬರುತ್ತದೆಯೋ ಅವರ ಸಾಲವನ್ನು ಮೊದಲು ತೀರಿಸುವುದು ವಾಡಿಕೆ. ಬಡ್ಡಿಯ ದರ ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಬ್ಯಾಂಕಿನಲ್ಲಿ ಶೇ 12ರ ದರದಲ್ಲಿ ಒಂದು ಲಕ್ಷ ಸಾಲವಿದ್ದರೆ ತಿಂಗಳ ಬಡ್ಡಿ 1,000 ರೂಪಾಯಿ. ‘ನೂರಕ್ಕೆ ಐದು’ ಎಂದು ಪಡೆದ 40,000 ರೂಪಾಯಿ ಕೈಸಾಲದ ತಿಂಗಳ ಬಡ್ಡಿ 2,000; ವಾರ್ಷಿಕ ದರ ಶೇ 60. ಮೊತ್ತ ಸಣ್ಣದೆಂದು ಬದಿಗಿಟ್ಟ ಸಾಲವೇ ಎರಡರಷ್ಟು ತಿನ್ನುತ್ತಿರುತ್ತದೆ. ಪೂರಕ ಆದಾಯದ ಮೊದಲ ರೂಪಾಯಿ ಹೋಗಬೇಕಾದದ್ದು ಅಲ್ಲಿಗೆ. ಮನೆಯಲ್ಲಿ ಬಂಗಾರವಿದ್ದರೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಅಡವಿಟ್ಟು ಕೈಸಾಲವನ್ನು ಒಮ್ಮೆಲೇ ತೀರಿಸಿ, ಬಳಿಕ ಬಂಗಾರ ಬಿಡಿಸಿಕೊಳ್ಳುವುದು ಎಷ್ಟೋ ಮೇಲು. ಮರ್ಯಾದೆಯ ಪ್ರಶ್ನೆಯೆಂದು ಒಡವೆಯನ್ನು ಕಪಾಟಿನಲ್ಲಿ ಭದ್ರವಾಗಿಟ್ಟು ಶೇ 60 ತೆರುವವರು ಪೇಟೆಯಲ್ಲಿ ಕಡಿಮೆಯಿಲ್ಲ.

‘ಫ್ಲಾಟ್’ ಬಡ್ಡಿಯೆಂಬುದರ ಮರ್ಮವನ್ನೂ ತಿಳಿದಿರಬೇಕು. ಒಂದು ಲಕ್ಷಕ್ಕೆ ಶೇ 12 ಫ್ಲಾಟ್, ಎರಡು ವರ್ಷ ಎಂದರೆ ಬಡ್ಡಿ 24,000, ಕಂತು 5,167. ಅಸಲು ತಿಂಗಳು ತಿಂಗಳೂ ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ ನಿಂತಿರುತ್ತದೆ. ಇಳಿಯುವ ಶಿಲ್ಕಿನ ಮೇಲೆ ಲೆಕ್ಕ ಹಾಕಿದರೆ ಇದು ಸುಮಾರು ಶೇ 21.5ರ ಸಾಲ.

ಅವಧಿಗೆ ಮುನ್ನ ಅಸಲು ಕಟ್ಟುವುದರ ಲಾಭ ಎಷ್ಟೆಂಬುದು ಇದೇ ಬಗೆಯ ಲೆಕ್ಕದಿಂದ ತಿಳಿಯುತ್ತದೆ. ಮೇಲೆ ಹೇಳಿದ ಶೇ 24ರ ಸಾಲವನ್ನು ಮೇ ತಿಂಗಳಲ್ಲಿ ಪಡೆದು ಜೂನ್‌ನಿಂದ ಕಂತು ಕಟ್ಟುತ್ತ ಬಂದರೆ ಡಿಸೆಂಬರ್‌ನ ಏಳನೆಯ ಕಂತಿನ ಬಳಿಕ ಉಳಿಯುವ ಅಸಲು ಸುಮಾರು 75,560. ಆಗ ಕೋಣೆಯ ಗಳಿಕೆಯಿಂದ 20,000 ರೂಪಾಯಿಯನ್ನು ಅಸಲಿಗೇ ಜಮೆ ಮಾಡಿದರೆ ಉಳಿದ ಹದಿನೇಳು ಕಂತುಗಳು ಹನ್ನೆರಡಕ್ಕೆ ಇಳಿಯುತ್ತವೆ; ಬಡ್ಡಿಯಲ್ಲಿ ಸುಮಾರು 6,880 ರೂಪಾಯಿ ಉಳಿತಾಯ. ಆದರೆ ಈ ಹಣ ಅಸಲಿಗೆ ಜಮೆಯಾಗಬೇಕು, ಮುಂದಿನ ಕಂತುಗಳ ಮುಂಗಡವಾಗಿ ಅಲ್ಲ ಎಂದು ಲಿಖಿತವಾಗಿ ತಿಳಿಸಬೇಕಾಗುತ್ತದೆ. ಕಂತಿನ ಮೊತ್ತ ಇಳಿಯಬೇಕೋ ಅವಧಿ ಇಳಿಯಬೇಕೋ ಎಂಬುದನ್ನೂ ಅದೇ ಪತ್ರದಲ್ಲಿ ಕಾಣಿಸಬೇಕು. ಅವಧಿಪೂರ್ವ ಪಾವತಿಗೆ ಶುಲ್ಕವಿದೆಯೇ ಎಂಬುದನ್ನು ಕರಾರುಪತ್ರದಲ್ಲಿ ನೋಡಿಕೊಳ್ಳತಕ್ಕದ್ದು. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಗಳಿಗೆ ಕೊಡುವ ಕಿರುಸಾಲಗಳಿಗೆ ಅಂಥ ದಂಡ ವಿಧಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶಿಸಿದೆ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂಬುದೂ ಅದೇ ನಿರ್ದೇಶನದಲ್ಲಿದೆ.

ಎಲ್ಲವನ್ನೂ ಅಸಲಿಗೆ ಸುರಿಯುವುದೂ ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಕಂತುಗಳಿಗೆ ಬೇಕಾದ 21,148 ರೂಪಾಯಿಯನ್ನು ಮೊದಲು ಬೇರೆ ಖಾತೆಯಲ್ಲಿ ತೆಗೆದಿಟ್ಟು, ಮಿಕ್ಕದ್ದನ್ನು ಅಸಲಿಗೆ ಕಟ್ಟಬೇಕು. ಹೀಗೆ ಮಾಡದವರು ಜನವರಿಯಲ್ಲಿ ಸಾಲ ಇಳಿಸಿ ಜುಲೈಯಲ್ಲಿ ಮತ್ತೆ ಕೈಸಾಲ ಕೇಳುತ್ತಾರೆ.

ಬೆಳೆಸಾಲದ ಮರುಪಾವತಿ ಕೊಯ್ಲಿನ ನಂತರ ಬರುವಂತೆ ನಿಗದಿಯಾಗಿರುತ್ತದೆ. ಋತುಮಾನದ ವ್ಯಾಪಾರಕ್ಕೆ ಅಂಥ ವಿವೇಚನೆಯನ್ನು ಬ್ಯಾಂಕುಗಳು ತಾವಾಗಿ ತೋರುವುದು ಅಪರೂಪ. ಒಂದು ದಾರಿ ಮಾತ್ರ ಇದೆ: ಕಂತಿನ ಸಾಲದ ಬದಲು ಓವರ್‌ಡ್ರಾಫ್ಟ್ ಕೇಳುವುದು. ಅದರಲ್ಲಿ ಬಳಸಿದ ಮೊತ್ತಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಡಿಸೆಂಬರ್‌ನ ವಸೂಲಿಯನ್ನು ಅಲ್ಲಿ ಜಮೆ ಮಾಡಿದರೆ ಅಂದಿನಿಂದಲೇ ಬಡ್ಡಿ ಇಳಿಯುತ್ತದೆ, ಮಳೆಗಾಲದಲ್ಲಿ ಅಗತ್ಯ ಬಿದ್ದರೆ ಅದೇ ಹಣವನ್ನು ತೆಗೆಯಬಹುದು. ಸಿಕ್ಕಿತೆಂದು ತೆಗೆಯುತ್ತಲೇ ಹೋಗುವವರಿಗೆ ಈ ಸೌಲಭ್ಯ ಹೇಳಿದ್ದಲ್ಲ. ವರ್ಷದ ವಹಿವಾಟಿನ ಏರಿಳಿತವನ್ನು ತೋರಿಸುವ ಬ್ಯಾಂಕ್ ವಿವರಪಟ್ಟಿ ಇಲ್ಲದೆ ಇದು ಮಂಜೂರಾಗುವುದೂ ಕಷ್ಟ. ಬಾಡಿಗೆಯನ್ನು ನಗದಾಗಿ ಪಡೆದು ಜೇಬಿಗಿಳಿಸುವವರು ಇಲ್ಲಿ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡಿರುತ್ತಾರೆ.

ಮಳೆಗಾಲದ ನಾಲ್ಕು ತಿಂಗಳಲ್ಲಿ ಏನಾದರೂ ಬರುವಂತೆ ಮಾಡಿಕೊಂಡವರಿಗೆ ಇಷ್ಟೆಲ್ಲ ಪಾಡಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಸಿಗುವ ಮುರುಗಲು ಹಣ್ಣಿನಿಂದ ಮಾಡಿಟ್ಟ ಶರಬತ್ತಿಗೆ ಋತುವಿನ ಹಂಗಿಲ್ಲ. ಕುಮಟಾದ ಸಿಹಿ ಈರುಳ್ಳಿ ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿಯೇ ಗೊಂಚಲು ಗೊಂಚಲಾಗಿ ಮಾರಾಟವಾಗುತ್ತದೆ. ಸ್ವಂತ ಬೆಳೆಯಿಲ್ಲದ ವರ್ತಕರೂ ದೂರದ ಗಿರಾಕಿಗಳಿಗೆ ಕಳುಹಿಸಿ ನಾಲ್ಕು ಕಾಸು ನೋಡಬಹುದು. ಭಟ್ಕಳದಲ್ಲಿ ಮನೆಯಂಗಳದ ಮಲ್ಲಿಗೆ ಎಷ್ಟೋ ಮಹಿಳೆಯರಿಗೆ ಸ್ವಂತ ಆದಾಯ. ಚೌತಿಗೆ ಮುಂಚಿನ ವಾರಗಳಲ್ಲಿ ಚಕ್ಕುಲಿ, ಕರ್ಜಿಕಾಯಿಗಳಿಗೆ ಬರುವ ಬೇಡಿಕೆಯನ್ನು ಮನೆಯಲ್ಲಿಯೇ ಪೂರೈಸಬಹುದು. ಇದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಇವುಗಳಲ್ಲಿ ಯಾವುದೂ ಕೋಣೆಯಷ್ಟು ತರುವುದಿಲ್ಲ. ಬಂಡವಾಳವನ್ನೂ ಅಷ್ಟು ಬೇಡುವುದಿಲ್ಲ, ಮತ್ತು ಆಗಸ್ಟ್‌ನ 2,000 ರೂಪಾಯಿ ಡಿಸೆಂಬರ್‌ನ 5,000ಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗಾಗಲೇ ಕಂತು ತಪ್ಪಿದವರು ಬ್ಯಾಂಕಿನ ಕಡೆ ಹೋಗುವುದನ್ನೇ ಬಿಡುತ್ತಾರೆ. ಬಾಕಿ ತೊಂಬತ್ತು ದಿನ ಮೀರಿದರೆ ಖಾತೆ ಅನುತ್ಪಾದಕವೆಂದು ವರ್ಗೀಕರಣಗೊಳ್ಳುತ್ತದೆ. ಅವಧಿ ಮರುಹೊಂದಾಣಿಕೆಯ ಅರ್ಜಿಯನ್ನು ಅದಕ್ಕೆ ಮೊದಲೇ ಕೊಡಬೇಕು. ಸರ್ಕಾರ ನಿಗದಿಪಡಿಸಿದ ದರವನ್ನು ಮೀರಿ ಖಾಸಗಿಯವರು ಬಡ್ಡಿ ವಸೂಲು ಮಾಡುವುದು ರಾಜ್ಯದ 2004ರ ಅಧಿನಿಯಮದಡಿ ಅಪರಾಧ. ಮನೆಯ ಮುಂದೆ ಬಂದು ಬೆದರಿಸುವುದು, ಹಿಂಬಾಲಿಸುವುದು, ಸೊತ್ತು ಕಸಿಯುವುದು ಮುಂತಾದ ಬಲವಂತದ ವಸೂಲಿಗೆ 2025ರ ಕಿರುಸಾಲ ಮತ್ತು ಸಣ್ಣ ಸಾಲಗಳ ಕಾನೂನು ಹತ್ತು ವರ್ಷದವರೆಗಿನ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿದೆ. ಇಂಥ ದೂರನ್ನು ದಾಖಲಿಸಿಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ.