ಮಗು ಪದೇ ಪದೇ ಕಣ್ಣು ಮಿಟುಕಿಸುವುದು ಚೇಷ್ಟೆಯೇ? ‘ಟಿಕ್ಸ್’ ಬಗ್ಗೆ ಕೊರೊನಾ ಕಾಲ ಕಲಿಸಿದ್ದೇನು?

2020ರ ಜೂನ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಿದ್ದ ಕಾಲ. ಆ ತಿಂಗಳ 25ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಬಾಗಿಲಲ್ಲೇ ಜ್ವರ ತಪಾಸಣೆ, ಮುಖಕ್ಕೆ ಮಾಸ್ಕ್, ದೂರ ದೂರ ಬೆಂಚು. ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಅಂಥ ಒಂದು ಕೊಠಡಿಯಲ್ಲಿ, ನಿಮಿಷಕ್ಕೊಮ್ಮೆ ಗಂಟಲು ಸರಿಮಾಡಿಕೊಳ್ಳುವ ಹುಡುಗನೊಬ್ಬ ಕುಳಿತಿದ್ದಾನೆ ಎಂದುಕೊಳ್ಳಿ. ಅವನಿಗೆ ಜ್ವರವಿಲ್ಲ, ನೆಗಡಿಯಿಲ್ಲ. ಆದರೂ ಸದ್ದು ತಡೆಯಲು ಆಗುತ್ತಿಲ್ಲ. ಸುತ್ತಲಿನವರ ಕಣ್ಣೆಲ್ಲ ಅವನ ಮೇಲೆ. ಹೆದರಿಕೆ ಹೆಚ್ಚಿದಷ್ಟೂ ಸದ್ದೂ ಹೆಚ್ಚುತ್ತದೆ.

ಅವನಿಗಿರುವುದು ಸೋಂಕಲ್ಲ, ಟಿಕ್. ಇದರ ಬಗ್ಗೆ ನಮ್ಮ ಊರುಗಳಲ್ಲಿ ಹತ್ತಾರು ಮಾತುಗಳಿವೆ. ಒಂದೊಂದಾಗಿ ನೋಡೋಣ.

ಟಿಕ್ ಎಂದರೇನು?

ಇದ್ದಕ್ಕಿದ್ದಂತೆ, ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದು. ಕಣ್ಣು ಮಿಟುಕಿಸುವುದು, ಮುಖ ಸೊಟ್ಟ ಮಾಡುವುದು, ಭುಜ ಹಾರಿಸುವುದು, ಗೋಣು ಎಳೆಯುವುದು ಚಲನೆಯ ಟಿಕ್‌ಗಳು. ಮೂಗು ಸೇದುವುದು, ಗಂಟಲು ಸರಿಮಾಡಿಕೊಳ್ಳುವುದು ಸದ್ದಿನ ಟಿಕ್‌ಗಳು. ಹಲವು ಚಲನೆ ಮತ್ತು ಕನಿಷ್ಠ ಒಂದು ಸದ್ದು ಸೇರಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು ಟುರೆಟ್ ಸಿಂಡ್ರೋಮ್ ಎನ್ನುತ್ತಾರೆ. 1885ರಲ್ಲಿ ಒಂಬತ್ತು ರೋಗಿಗಳನ್ನು ಗಮನಿಸಿ ಬರೆದ ಫ್ರಾನ್ಸಿನ ವೈದ್ಯ ಜಾರ್ಜ್ ಗಿಲ್ ಡಿ ಲಾ ಟುರೆಟ್ ಅವರಿಂದ ಈ ಹೆಸರು ಬಂತು.

ಸಾಮಾನ್ಯವಾಗಿ 4ರಿಂದ 6ನೇ ವಯಸ್ಸಿನಲ್ಲಿ ಶುರುವಾಗಿ, 10ರಿಂದ 12ರ ಹೊತ್ತಿಗೆ ಜೋರಾಗುತ್ತದೆ. ಹದಿಹರೆಯ ಕಳೆಯುವಾಗ ಬಹಳಷ್ಟು ಮಕ್ಕಳಲ್ಲಿ ಕಡಿಮೆಯಾಗುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು.

‘ಬೈದರೆ ಬಿಡುತ್ತಾನೆ’ ಎನ್ನುವುದು ನಿಜವೇ?

ಇಲ್ಲ. ಸೀನು ಬರುವ ಮೊದಲು ಮೂಗಿನಲ್ಲಿ ಒಂದು ತರಹ ಆಗುತ್ತದಲ್ಲ, ಟಿಕ್‌ಗೂ ಮೊದಲು ಮೈಯಲ್ಲಿ ಅಂಥದ್ದೇ ಒತ್ತಡ ಬರುತ್ತದೆ. ಸ್ವಲ್ಪ ಹೊತ್ತು ತಡೆಯಬಹುದು, ಆಮೇಲೆ ಬಂದೇ ಬರುತ್ತದೆ. ಶಾಲೆಯಲ್ಲಿ ತಡೆದುಕೊಂಡ ಮಗು ಮನೆಗೆ ಬಂದ ಕೂಡಲೇ ಜೋರಾಗಿ ಮಾಡುವುದು ಇದಕ್ಕೇ. ಅದನ್ನು ನೋಡಿ ‘ನಮ್ಮ ಮುಂದೆ ಬೇಕಂತಲೇ ಮಾಡ್ತಾನ’ ಎಂದು ತಾಯ್ತಂದೆ ತಪ್ಪು ತಿಳಿಯುತ್ತಾರೆ. ಬೈಗುಳದಿಂದ ಆತಂಕ ಹೆಚ್ಚುತ್ತದೆ, ಆತಂಕದಿಂದ ಟಿಕ್ ಹೆಚ್ಚುತ್ತದೆ.

‘ದೃಷ್ಟಿ ತಾಗಿದೆ, ಗಾಳಿ ಸೋಕಿದೆ’ ಎನ್ನುತ್ತಾರಲ್ಲ?

ಟಿಕ್‌ಗೆ ಕಾರಣ ಚಲನೆಯನ್ನು ನಿಯಂತ್ರಿಸುವ ಮಿದುಳಿನ ಜಾಲಗಳಲ್ಲಿನ ವ್ಯತ್ಯಾಸ. ಅನುವಂಶೀಯತೆಯ ಪಾಲು ದೊಡ್ಡದು. ತಾನಾಗಿಯೇ ಕೆಲವು ವಾರ ಹೆಚ್ಚಾಗಿ, ಕೆಲವು ವಾರ ಕಡಿಮೆಯಾಗುವುದು ಇದರ ಸ್ವಭಾವ. ಹೆಚ್ಚಾದಾಗ ತಾಯತ ಕಟ್ಟಿಸಿದರೆ, ತಾನಾಗಿ ಇಳಿದದ್ದು ತಾಯತದಿಂದ ಎನಿಸುತ್ತದೆ. ಕೆಮ್ಮಿನ ಸಿರಪ್ಪಿಗೂ ಜಂತುಹುಳದ ಮಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ. ದೇವರಿಗೆ ಹರಕೆ ಹೊರುವುದು ಮನೆಯವರ ನಂಬಿಕೆ. ಆದರೆ ಮಗುವನ್ನು ಹೊಡೆಸುವುದು, ಬರೆ ಹಾಕಿಸುವುದು ಹಿಂಸೆ.

ಕೊರೊನಾ ಕಾಲದಲ್ಲಿ ಇಂಥ ಮಕ್ಕಳಿಗೆ ಏನಾಯಿತು?

ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಎರಡೂ ಬಗೆ ಕಂಡವು. ಹಲವರಲ್ಲಿ ಟಿಕ್, ಆತಂಕ, ಸಿಟ್ಟು, ನಿದ್ದೆಗೇಡು ಹೆಚ್ಚಾದವು. ಶಾಲೆಯಲ್ಲಿ ಅಣಕ, ಕೀಟಲೆ ಅನುಭವಿಸುತ್ತಿದ್ದ ಕೆಲವರು ಮನೆಯಲ್ಲಿ ನಿರಾಳವಾದರು. ಟುರೆಟ್ ಇರುವ ಬಹುತೇಕ ಮಕ್ಕಳಲ್ಲಿ ಗಮನದ ಕೊರತೆ, ಗೀಳು, ಆತಂಕ ಇವುಗಳಲ್ಲಿ ಒಂದಾದರೂ ಜೊತೆಗಿರುತ್ತದೆ. ಕೈತೊಳೆಯುವ ಗೀಳಿರುವ ಮಗುವಿಗೆ ಇಡೀ ಲೋಕವೇ ‘ಕೈ ತೊಳಿ’ ಎಂದು ಹೇಳತೊಡಗಿದರೆ ಹೇಗಿರಬಹುದು, ಯೋಚಿಸಿ.

ನಮ್ಮ ಗಡಿ ತಾಲ್ಲೂಕುಗಳಲ್ಲಿ ಒತ್ತಡ ಕೊರೊನಾ ಒಂದರದ್ದೇ ಆಗಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಪ್ರವಾಹ, ಮರುವರ್ಷ ಲಾಕ್‌ಡೌನ್, 2021ರ ಜುಲೈನಲ್ಲಿ ಮತ್ತೆ ನೆರೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಭಾಗದ ಹಲವು ಮಕ್ಕಳು ಮೂರು ವರ್ಷದಲ್ಲಿ ಎರಡು ಸಲ ಕಾಳಜಿ ಕೇಂದ್ರ ಕಂಡರು. ಮಿರಜ್, ಸಾಂಗ್ಲಿ, ಕೊಲ್ಹಾಪುರದ ದವಾಖಾನೆಗಳಿಗೆ ಹೋಗಿಬರುವುದು ಇಲ್ಲಿ ರೂಢಿ. ಆದರೆ 2021ರಲ್ಲಿ ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿ ಮರಳಲು ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕಿತ್ತು. ಜ್ವರಕ್ಕೇ ದವಾಖಾನೆಗೆ ಹೋಗಲು ಹಿಂಜರಿದ ದಿನಗಳಲ್ಲಿ ಮಗುವಿನ ಮನಸ್ಸಿನ ಮಾತು ಹಿಂದೆ ಸರಿಯುವುದು ಸಹಜ.

ವಿಡಿಯೊ ನೋಡಿದರೆ ಟಿಕ್ಸ್ ಬರುತ್ತದೆಯೇ?

ಇದರಲ್ಲಿ ಅರ್ಧ ಸತ್ಯವಿದೆ. 2020-21ರಲ್ಲಿ ಬ್ರಿಟನ್, ಕೆನಡಾ, ಜರ್ಮನಿ ಮುಂತಾದ ಕಡೆ ಟಿಕ್‌ನಂತೆ ಕಾಣುವ ಲಕ್ಷಣಗಳು ಏಕಾಏಕಿ ಶುರುವಾದ ಹದಿಹರೆಯದವರು, ಅದರಲ್ಲೂ ಹುಡುಗಿಯರು, ಆಸ್ಪತ್ರೆಗಳಿಗೆ ಬರತೊಡಗಿದರು. ಕೈ ಬೀಸುವುದು, ಪೂರ್ತಿ ಪದ, ವಾಕ್ಯ ಕೂಗುವುದು ಅವರಲ್ಲಿ ಹೆಚ್ಚು. ಹಲವರು ಟಿಕ್ಸ್ ಇರುವವರ ವಿಡಿಯೊಗಳನ್ನು ನೋಡಿದ್ದರು. ಜರ್ಮನಿಯಲ್ಲಿ ಒಂದು ಯೂಟ್ಯೂಬ್ ಚಾನೆಲ್‌ನಲ್ಲಿ ಕಂಡ ಪದಗಳನ್ನೇ ಕೆಲವರು ಕೂಗುತ್ತಿದ್ದರು.

ವೈದ್ಯರು ಇದನ್ನು ಟುರೆಟ್‌ಗಿಂತ ಬೇರೆಯಾದ ‘ಕ್ರಿಯಾತ್ಮಕ ಟಿಕ್’ ಎಂದು ಗುರುತಿಸಿದರು. ಬಹುಪಾಲು ಮಕ್ಕಳಲ್ಲಿ ಆತಂಕ, ಖಿನ್ನತೆ, ಒಂಟಿತನ ಮೊದಲೇ ಇದ್ದವು. ವಿಡಿಯೊ ಆ ಸಂಕಟಕ್ಕೆ ಒಂದು ರೂಪ ಕೊಟ್ಟಿರಬಹುದು. ಹಾಗೆಂದು ಇದು ನಾಟಕವಲ್ಲ. ಮಗು ಬೇಕೆಂದು ಮಾಡುವುದಿಲ್ಲ. ಆದರೆ ಚಿಕಿತ್ಸೆಯ ದಾರಿ ಬೇರೆ, ಆದ್ದರಿಂದ ಸರಿಯಾದ ತಪಾಸಣೆ ಮುಖ್ಯ. ಮೊಬೈಲ್ ನೋಡಿದ್ದರಿಂದಲೇ ಟುರೆಟ್ ಬರುವುದಿಲ್ಲ. ಅದು 1885ರಲ್ಲೂ ಇತ್ತು.

ಚಿಕಿತ್ಸೆ ಇದೆಯೇ?

ಇದೆ. ಸೌಮ್ಯವಾಗಿದ್ದರೆ ಮಗುವಿಗೆ, ಮನೆಯವರಿಗೆ, ಶಿಕ್ಷಕರಿಗೆ ವಿಷಯ ತಿಳಿಸಿಹೇಳುವುದೇ ಸಾಕಾಗಬಹುದು. ತೊಂದರೆ ಹೆಚ್ಚಿದ್ದರೆ ವರ್ತನಾ ಚಿಕಿತ್ಸೆ ಇದೆ. ಟಿಕ್ ಬರುವ ಮುನ್ನಿನ ಒತ್ತಡವನ್ನು ಗುರುತಿಸಿ, ಅದರ ಬದಲು ಬೇರೊಂದು ಚಲನೆ ಮಾಡುವ ಅಭ್ಯಾಸ ಕಲಿಸುತ್ತಾರೆ. 9ರಿಂದ 17 ವರ್ಷದ 224 ಮಕ್ಕಳ ಮೇಲೆ ಬ್ರಿಟನ್‌ನಲ್ಲಿ ನಡೆದು, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆನ್‌ಲೈನ್ ಮೂಲಕ ಕೊಟ್ಟ ವರ್ತನಾ ಚಿಕಿತ್ಸೆಯೂ ಟಿಕ್‌ಗಳನ್ನು ಕಡಿಮೆ ಮಾಡಿತು. ಔಷಧಗಳೂ ಇವೆ, ಆದರೆ ವೈದ್ಯರು ಬರೆದುಕೊಟ್ಟರೆ ಮಾತ್ರ.

ತಡಮಾಡದೆ ತೋರಿಸಬೇಕಾದ ಸಂದರ್ಭಗಳು: ಚಲನೆಯ ನಡುವೆ ಪ್ರಜ್ಞೆ ತಪ್ಪಿದರೆ (ಮೂರ್ಛೆರೋಗ ಇರಬಹುದು), ಜ್ವರ ಮತ್ತು ಕೀಲುನೋವಿನ ನಂತರ ಕೈಕಾಲು ಅಂಕೆ ತಪ್ಪಿ ಕುಣಿದರೆ (ಸಂಧಿವಾತ ಜ್ವರದಿಂದಲೂ ಹೀಗಾಗುತ್ತದೆ), ಮಗು ಶಾಲೆಗೆ ಒಲ್ಲೆ ಎಂದರೆ, ಮಂಕಾದರೆ, ‘ನಾನು ಇರಬಾರದು’ ಎಂಬ ಮಾತಾಡಿದರೆ.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಂದ ಶುರುಮಾಡಿ. ಮುಂದಿನ ಹಂತಕ್ಕೆ ಬೆಳಗಾವಿಯ ಬಿಮ್ಸ್, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.

ಮನೆಯಲ್ಲಿ, ಶಾಲೆಯಲ್ಲಿ ನಾವೇನು ಮಾಡಬಹುದು?

- ಟಿಕ್ ಕಂಡಾಗ ‘ಮಾಡಬ್ಯಾಡ’ ಎನ್ನದೆ ಮಾತು ಮುಂದುವರಿಸಿ.
- ನಿದ್ದೆ, ಆಟ, ಊಟದ ಹೊತ್ತು ತಪ್ಪದಂತೆ ನೋಡಿಕೊಳ್ಳಿ.
- ಗುರುಗಳಿಗೆ ಮೊದಲೇ ತಿಳಿಸಿ. ಬೇಕಾದಾಗ ಎರಡು ನಿಮಿಷ ಹೊರಗೆ ಹೋಗಿಬರಲು ಬಿಡುವಂತೆ ಕೇಳಿ.
- ಟಿಕ್ ಇಳಿದಿದೆಯೇ ಎಂಬುದರ ಜೊತೆಗೆ ‘ಮಗ ಖುಷಿಯಾಗಿದ್ದಾನೆಯೇ’ ಎಂದೂ ಗಮನಿಸಿ.

ಫಾರ್ವರ್ಡ್ ಮಾಡುವ ಮುನ್ನ

ಕಣ್ಣು, ಕತ್ತು ಕುಣಿಸುವ ಮಗುವಿನ ವಿಡಿಯೊ ‘ತಮಾಷೆ’ ಎಂದೋ ‘ದೆವ್ವ ಹಿಡಿದಿದೆ’ ಎಂದೋ ನಿಮ್ಮ ಗ್ರೂಪಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆ ಮಗು ನಾಳೆ ಅದೇ ಊರಿನ ಶಾಲೆಗೆ ಹೋಗಬೇಕು. ಕಳಿಸಲೇಬೇಕೆಂದಿದ್ದರೆ 14416 ಎಂಬ ನಂಬರ್ ಕಳಿಸಿ. ಗ್ರೂಪಿನಲ್ಲಿರುವ ಯಾವುದೋ ಮನೆಗೆ ಅದು ಬೇಕಾಗಿರಬಹುದು.